ಬರೆದುಕೊಟ್ಟ ಔಷಧಿ, ತೆಗೆದುಕೊಂಡ ಔಷಧಿ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 1981ರ ಕೊನೆಗೆ ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮ ಶುರುಮಾಡಿದಾಗ ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಅದರ ಮೊದಲ ಕೇಂದ್ರಗಳಲ್ಲೊಂದಾಗಿತ್ತು. ಯಾವ ಅಂಗದ ಕ್ಯಾನ್ಸರ್, ಎಷ್ಟನೇ ಹಂತ, ಶಸ್ತ್ರಚಿಕಿತ್ಸೆ ಆಯಿತೋ, ಕರೆಂಟು (ವಿಕಿರಣ ಚಿಕಿತ್ಸೆ) ಕೊಟ್ಟರೋ, ಕಿಮೊ ಹಾಕಿದರೋ, ಇವೆಲ್ಲ ಆಸ್ಪತ್ರೆ ನೋಂದಣಿಯಲ್ಲಿ ಶಿಸ್ತಾಗಿ ದಾಖಲಾಗುತ್ತವೆ. ದೇಶಕ್ಕೆ ಈ ರೋಗದ ಚಿತ್ರಣ ಸಿಕ್ಕಿದ್ದೇ ಈ ಶಿಸ್ತಿನಿಂದ. ಆದರೆ ಔಷಧಿಯ ಸಂಶೋಧನೆಗೆ ಆಸ್ಪತ್ರೆಯ ದಾಖಲೆಯೊಂದನ್ನೇ ನೆಚ್ಚಿಕೊಂಡರೆ ನಮ್ಮ ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ರೋಗಿಗಳ ಅರ್ಧ ಕಥೆ ಕೈತಪ್ಪುತ್ತದೆ.

ಇಂಡಿಯವರಿಗೆ ಸೊಲ್ಲಾಪುರ ಹತ್ತಿರ, ಮುದ್ದೇಬಿಹಾಳದವರಿಗೆ ಬಾಗಲಕೋಟೆ. ಬಯಾಪ್ಸಿ ಒಂದೂರಲ್ಲಿ, ಕಿಮೊ ಇನ್ನೊಂದೂರಲ್ಲಿ, ಗುಳಿಗೆ ಊರಿನ ಔಷಧಿ ಅಂಗಡಿಯಲ್ಲಿ ಎಂದಾದಾಗ ಒಬ್ಬರದೇ ಚಿಕಿತ್ಸೆ ಮೂರು ಕಡೆ ಹರಿದು ಹಂಚಿಹೋಗುತ್ತದೆ.

ಕಿಮೊ ಚಾರ್ಟನ್ನೇ ನೋಡಿ. ಎತ್ತರ, ತೂಕ, ಅದರ ಮೇಲೆ ಲೆಕ್ಕಹಾಕಿದ ಡೋಸು, ಸೈಕಲ್ ಸಂಖ್ಯೆ, ತಾರೀಕು. 21 ದಿನಕ್ಕೆ ಆಗಬೇಕಾದ ಡೋಸು 40ನೇ ದಿನ ಆಗಿದೆ ಎಂಬುದು ತಾರೀಕಿನಿಂದ ತಿಳಿಯುತ್ತದೆ. ಏಕೆ? ಬಿಳಿ ರಕ್ತಕಣ ಇಳಿದವೆಂದು ವೈದ್ಯರೇ ಮುಂದೂಡಿದರೋ, ಬಸ್ಸಿನ ಖರ್ಚಿಗೆ ದುಡ್ಡಿರಲಿಲ್ಲವೋ, ಜೊತೆಗೆ ಬರಬೇಕಾದ ಮಗ ಗುಳೆ ಹೋಗಿದ್ದನೋ? ಕಾರಣ ಬರೆಯದ ದಾಖಲೆ ಹಿಡಿದು ಫಲಿತಾಂಶ ತೆಗೆದರೆ ಬಡತನದ ತಪ್ಪು ಔಷಧಿಯ ತಲೆಗೆ ಬರುತ್ತದೆ. ಸ್ತನ ಕ್ಯಾನ್ಸರಿಗೆ ಕೊಡುವ ಟ್ಯಾಮೊಕ್ಸಿಫೆನ್ ಗುಳಿಗೆಯನ್ನು ಐದು ವರ್ಷವೋ ಹೆಚ್ಚೋ ದಿನವೂ ನುಂಗಬೇಕು. ಬರೆದುಕೊಟ್ಟದ್ದು ಫೈಲಿನಲ್ಲಿರುತ್ತದೆ, ನುಂಗಿದ್ದನ್ನು ಮನೆಗೆ ಹೋಗಿಯೇ ಕೇಳಬೇಕು.

ಮನೆಗೆ ಹೋಗಿ ಕೇಳುವ ಮಾದರಿ ನಮ್ಮ ಪಕ್ಕದಲ್ಲೇ ಇದೆ. ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿ 1987ರಲ್ಲಿ ಆರಂಭವಾದ ದೇಶದ ಮೊದಲ ಗ್ರಾಮೀಣ ಕ್ಯಾನ್ಸರ್ ನೋಂದಣಿಯ ಸಿಬ್ಬಂದಿ ಆಸ್ಪತ್ರೆಯಲ್ಲಿ ಕಾಯುತ್ತ ಕೂರದೆ ಹಳ್ಳಿಹಳ್ಳಿಗೆ ಹೋಗಿ ಜನರೊಂದಿಗೆ ಮಾತಾಡಿದರು. ರೋಗ ಪತ್ತೆಗೆ ನೆರವಾದ ಆ ಕ್ರಮವನ್ನು ಔಷಧಿಯ ಮಾಹಿತಿಗೂ ಹೊಂದಿಸಿಕೊಳ್ಳಬಹುದು. 2025ರಲ್ಲಿ ರಾಜ್ಯದ 16 ಜಿಲ್ಲೆಗಳಲ್ಲಿ ಡೇ-ಕೇರ್ ಕಿಮೊ ಕೇಂದ್ರಗಳು ಶುರುವಾಗಿವೆ. ಕಿಮೊ ಊರಿನ ಸಮೀಪಕ್ಕೆ ಬಂದಂತೆ ಆಶಾ ಕಾರ್ಯಕರ್ತೆಯರ ಮೂಲಕ ವಿಚಾರಿಸುವುದೂ ಸುಲಭವಾಗುತ್ತದೆ.

ಇದಕ್ಕೆ ಎರಡು ಷರತ್ತುಗಳಿರಲಿ. ಡೋಸು ತಪ್ಪಿದ ಕಾರಣಕ್ಕೆ ಚಾರ್ಟಿನಲ್ಲೊಂದು ಕಾಲಂ ಬೇಕು. ಒಪ್ಪಿಗೆ ಪತ್ರವನ್ನು ರೋಗಿಗೆ ಕನ್ನಡದಲ್ಲಿ ಓದಿ ಹೇಳಿ, ಹೆಸರು ತೆಗೆದೇ ಮಾಹಿತಿಯನ್ನು ಸಂಶೋಧಕರಿಗೆ ಕೊಡಬೇಕು. ಇಷ್ಟಾದರೆ ಮಾತ್ರ ಯಾವ ಔಷಧಿ ಈ ಜನರಿಗೆ ನಾಟುತ್ತದೆ, ಯಾವುದು ಅವರ ಕೈಗೆಟಕುತ್ತದೆ ಎಂಬೆರಡು ಪ್ರಶ್ನೆಗಳಿಗೂ ನಂಬಬಹುದಾದ ಉತ್ತರ ಸಿಗುತ್ತದೆ.