ಹಣೆಯಿಂದ ಇಳಿದ ಮೂಗು: ಎರಡು ಹಳೆಯ ವರದಿಗಳ ವಿಮರ್ಶೆ

1794ರ ಅಕ್ಟೋಬರ್‌ನಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜಿನ್’ ಎಂಬ ಮಾಸಪತ್ರಿಕೆ ಒಂದು ಪುಟ್ಟ ಪತ್ರವನ್ನು ಅಚ್ಚು ಹಾಕಿತು. ಕೆಳಗೆ ‘ಬಿ.ಎಲ್.’ ಎಂಬ ಎರಡಕ್ಷರದ ಸಹಿ, ಜೊತೆಗೆ ಒಂದು ಚಿತ್ರಪುಟ. ಮೂರನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷ್ ಸೈನ್ಯದ ಎತ್ತು ಹೊಡೆಯುತ್ತಿದ್ದ ಕಾವಸ್‌ಜಿ ಎಂಬ ಮರಾಠಾ ಒಕ್ಕಲಿಗ ಟಿಪ್ಪುವಿನ ಸೆರೆಯಾಳಾದ. ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಲಾಯಿತು. ಅದೇ ಸ್ಥಿತಿಯಲ್ಲಿ ಅವನು ಶ್ರೀರಂಗಪಟ್ಟಣದ ಹತ್ತಿರ ಮುಂಬಯಿ ಸೈನ್ಯವನ್ನು ಸೇರಿಕೊಂಡ. ಒಂದು ವರ್ಷಕ್ಕೂ ಹೆಚ್ಚು ಕಾಲ ಮೂಗಿಲ್ಲದೆ ಬದುಕಿದ ಮೇಲೆ, ಪುಣೆಯ ಬಳಿ ಇಟ್ಟಿಗೆ ಮಾಡುವ ಜಾತಿಯ ಒಬ್ಬಾತ ಅವನಿಗೆ ಹೊಸ ಮೂಗು ಕಟ್ಟಿಕೊಟ್ಟ. ಪತ್ರ ಹೇಳುವ ಕತೆ ಇಷ್ಟೇ.

ಈ ಪತ್ರವನ್ನು ಪ್ಲಾಸ್ಟಿಕ್ ಸರ್ಜರಿಯ ಇತಿಹಾಸ ಬರೆಯುವವರೆಲ್ಲ ಹೆಸರಿಸುತ್ತಾರೆ. ಭಾರತದ ಹಿರಿಮೆಗೆ ಸಾಕ್ಷಿಯೆಂದು ನಾವೂ ಹೆಮ್ಮೆಯಿಂದ ತೋರಿಸುತ್ತೇವೆ. ಆದರೆ ಒಂದು ವೈದ್ಯಕೀಯ ವರದಿಯಾಗಿ ಅದು ಎಷ್ಟು ಗಟ್ಟಿ, ಎಲ್ಲಿ ಸೋತಿದೆ ಎಂದು ಓದಿ ತೂಗಿದವರು ಕಡಿಮೆ. ಅಪರೂಪದ ಶಸ್ತ್ರಚಿಕಿತ್ಸೆಗಳ ಸುದ್ದಿ ವಾರಕ್ಕೊಂದರಂತೆ ಬರುತ್ತಿರುವ ಈ ಕಾಲದಲ್ಲಿ ಹಾಗೆ ತೂಗಿ ನೋಡುವುದು ಅಗತ್ಯ ಎಂದು ನನ್ನ ನಂಬಿಕೆ. ಒಬ್ಬನ ಕೈಚಳಕ ಹತ್ತು ಜನರ ವಿದ್ಯೆಯಾಗಬೇಕಾದರೆ ಅದನ್ನು ಯಾರಾದರೂ ಸರಿಯಾಗಿ ಬರೆದಿಡಬೇಕು. ಶಸ್ತ್ರಚಿಕಿತ್ಸೆ ಬೆಳೆದದ್ದು ಕತ್ತಿಯಿಂದ ಎಷ್ಟೋ, ಈ ಬರವಣಿಗೆಯಿಂದಲೂ ಅಷ್ಟೇ.

ಪತ್ರದ ದೊಡ್ಡ ಗುಣ ಅದು ಕ್ರಮವನ್ನು ಹೇಳುವ ರೀತಿ. ತೆಳುವಾದ ಮೇಣದ ಹಾಳೆಯೊಂದನ್ನು ಮೂಗಿನ ಮೋಟಿನ ಮೇಲಿಟ್ಟು ಮುಖಕ್ಕೆ ಒಪ್ಪುವ ಮೂಗಿನ ಆಕಾರಕ್ಕೆ ತರುತ್ತಾರೆ. ಅದೇ ಮೇಣವನ್ನು ಚಪ್ಪಟೆ ಮಾಡಿ ಹಣೆಯ ಮೇಲೆ ಹರಡಿ ಸುತ್ತಲೂ ಗೆರೆ ಎಳೆಯುತ್ತಾರೆ. ಗೆರೆಯೊಳಗಿನ ಚರ್ಮವನ್ನು ಬಿಡಿಸಿ ಎತ್ತುತ್ತಾರೆ. ಎರಡು ಕಣ್ಣುಗಳ ನಡುವಿನ ಸಣ್ಣ ಪಟ್ಟಿಯೊಂದನ್ನು ಮಾತ್ರ ಕತ್ತರಿಸದೆ ಉಳಿಸುತ್ತಾರೆ. ಮೋಟಿನ ಹಳೆಯ ಗಾಯದ ಕಲೆಯನ್ನು ಹೆರೆದು ಹಸಿ ಮಾಡಿ, ಅದರ ಹಿಂದೆ ಮೂಗಿನ ಹೊಳ್ಳೆಗಳ ಸುತ್ತ, ಮೇಲ್ದುಟಿಯ ಉದ್ದಕ್ಕೂ ಒಂದು ಸೀಳು ಕೊಡುತ್ತಾರೆ. ಹಣೆಯ ಚರ್ಮವನ್ನು ಅರ್ಧ ಸುತ್ತು ತಿರುಗಿಸಿ ಕೆಳಗಿಳಿಸಿ, ಅದರ ಅಂಚನ್ನು ಈ ಸೀಳಿನೊಳಗೆ ಕೂಡಿಸುತ್ತಾರೆ. ಕಾಚನ್ನು ನೀರಿನಲ್ಲಿ ಮೆದು ಮಾಡಿ ಬಟ್ಟೆಯ ಪಟ್ಟಿಗಳಿಗೆ ಬಳಿದು, ಐದಾರು ಪಟ್ಟಿಗಳನ್ನು ಒಂದರ ಮೇಲೊಂದು ಅಂಟಿಸುತ್ತಾರೆ. ನಾಲ್ಕು ದಿನ ಬೇರೆ ಯಾವ ಕಟ್ಟೂ ಇಲ್ಲ. ಆಮೇಲೆ ತುಪ್ಪದಲ್ಲಿ ಅದ್ದಿದ ಬಟ್ಟೆ. ಐದಾರು ದಿನ ರೋಗಿ ಅಂಗಾತ ಮಲಗಿರಬೇಕು. ಹತ್ತನೆಯ ದಿನ ಹೊಳ್ಳೆಗಳು ಮುಚ್ಚದಂತೆ ಮೆತ್ತನೆಯ ಬಟ್ಟೆ ತುರುಕುತ್ತಾರೆ. ಸುಮಾರು 25ನೆಯ ದಿನ ಕಣ್ಣುಗಳ ನಡುವಿನ ಪಟ್ಟಿಯನ್ನು ಕತ್ತರಿಸಿ ಮೂಗನ್ನು ತಿದ್ದುತ್ತಾರೆ.

ಅಳತೆ, ಕ್ರಮ, ಔಷಧ, ದಿನಗಳ ಲೆಕ್ಕ ಎಲ್ಲವೂ ಇಲ್ಲಿವೆ. ಎಲ್ಲಕ್ಕಿಂತ ಮಿಗಿಲಾಗಿ, ಆ ಸಣ್ಣ ಪಟ್ಟಿಯನ್ನು ಏಕೆ ಉಳಿಸಬೇಕು ಎಂಬುದಕ್ಕೆ ಕಾರಣವಿದೆ: ಹೊಸ ಭಾಗ ಹಳೆಯದಕ್ಕೆ ಕೂಡಿಕೊಳ್ಳುವವರೆಗೆ ರಕ್ತ ಹರಿಯುವ ದಾರಿ ಅದೊಂದೇ. ಈ ಒಂದು ವಾಕ್ಯದಿಂದಾಗಿ ಪತ್ರ ಬರೀ ಕೌತುಕದ ಸುದ್ದಿಯಾಗದೆ ಪಾಠವಾಗುತ್ತದೆ. ಕಾರಣ ತಿಳಿದವನು ಬೇರೆ ಮುಖಕ್ಕೆ, ಬೇರೆ ಗಾಯಕ್ಕೆ ಅದೇ ತತ್ತ್ವವನ್ನು ಹೊಂದಿಸಿಕೊಳ್ಳಬಲ್ಲ. ಇಂದಿನ ಶಸ್ತ್ರವೈದ್ಯರು ಆ ದಾರಿಗೆ ಸುಪ್ರಾಟ್ರೋಕ್ಲಿಯರ್ ಅಪಧಮನಿ ಎನ್ನುತ್ತಾರೆ. ಹುಬ್ಬಿನ ಒಳತುದಿಯ ಬಳಿಯಿಂದ ಹಣೆಗೆ ಏರುವ ಆ ರಕ್ತನಾಳವನ್ನು ನೆಚ್ಚಿಯೇ ಇಂದಿನ ‘ಪ್ಯಾರಾಮೀಡಿಯನ್ ಫೋರ್‌ಹೆಡ್ ಫ್ಲಾಪ್’ ಎಂಬ ಹಣೆಚರ್ಮದ ವಿಧಾನ ನಿಂತಿದೆ. ಪಟ್ಟಿಯನ್ನು ಕತ್ತರಿಸುವುದು ಇಂದಿಗೂ ಸುಮಾರು ಮೂರು ವಾರಗಳ ನಂತರವೇ. ಚರ್ಮದ ಕ್ಯಾನ್ಸರ್‌ನಿಂದ ಅಥವಾ ಅಪಘಾತದಿಂದ ಮೂಗಿನ ದೊಡ್ಡ ಭಾಗ ಹೋದವರಿಗೆ ಈ ವಿಧಾನವೇ ಈಗಲೂ ಮುಖ್ಯ ಆಸರೆ.

ಪತ್ರದ ಸೋಲುಗಳೂ ಸಣ್ಣವಲ್ಲ. ಇದು ಸಾಮಾನ್ಯವಾಗಿ ಯಶಸ್ವಿಯಾಗುತ್ತದೆ, ಹೊಸ ಮೂಗು ಹೆಚ್ಚುಕಡಿಮೆ ಸಹಜ ಮೂಗಿನಂತೆಯೇ ಕಾಣುತ್ತದೆ ಎಂದು ಬಿ.ಎಲ್. ಹೇಳುತ್ತಾರೆ. ಎಷ್ಟು ಜನರಿಗೆ ಮಾಡಿದರು, ಎಷ್ಟು ಮೂಗು ಕೊಳೆತು ಉದುರಿದವು, ಎಷ್ಟು ಜನ ಜ್ವರ ಬಂದು ಸತ್ತರು ಎಂಬ ಪ್ರಶ್ನೆಗಳ ಗೋಜಿಗೇ ಹೋಗುವುದಿಲ್ಲ. ಇದಕ್ಕೆ ಹೋಲಿಸಿದರೆ ನೂರು ವರ್ಷ ಹಿಂದಿನ ನಿಕೊಲಾವೊ ಮನೂಚಿ ಹೆಚ್ಚು ಪ್ರಾಮಾಣಿಕ. ಮೊಘಲರ ಕಾಲದ ಭಾರತದಲ್ಲಿ ದಶಕಗಳ ಕಾಲ ಬದುಕಿದ ಈ ವೆನಿಸ್ ನಗರದ ಮನುಷ್ಯ, ಬಿಜಾಪುರದ ಯುದ್ಧಕಾಲದಲ್ಲಿ ಮೂಗು ಕೊಯ್ಸಿಕೊಂಡವರಿಗೆ ನಾಡವೈದ್ಯರು ಹಣೆಯ ಚರ್ಮ ಇಳಿಸಿ ಮೂಗು ಮಾಡುತ್ತಿದ್ದುದನ್ನು ದಾಖಲಿಸಿದ್ದಾನೆ. ಹಾಗೆ ಮಾಡಿದ ಮೂಗುಗಳು ಅರೆಕೊರೆಯಾಗಿರುತ್ತಿದ್ದವು, ಚರ್ಮವನ್ನು ತಿರುಚಿದ್ದರಿಂದ ಹುಬ್ಬುಗಳ ನಡುವೆ ಒಂದು ಸಣ್ಣ ತೂತು ಉಳಿಯುತ್ತಿತ್ತು, ಆದರೂ ಮೂಗೇ ಇಲ್ಲದಿರುವುದಕ್ಕಿಂತ ಅದು ಮೇಲು ಎನ್ನುತ್ತಾನೆ. ಆ ತೂತನ್ನು ಹೇಳಿದ್ದರಿಂದಲೇ ಉಳಿದ ಮಾತಿನ ಮೇಲೂ ನಂಬಿಕೆ ಹುಟ್ಟುತ್ತದೆ.

ಪತ್ರದ ಇನ್ನೊಂದು ಸೋಲು ನನಗೆ ಹೆಚ್ಚು ನೋವು ಕೊಡುತ್ತದೆ. ರೋಗಿಯ ಹೆಸರಿದೆ. ಇಂಥ ಶಸ್ತ್ರಕ್ರಿಯೆಯನ್ನು ಕಣ್ಣಾರೆ ನೋಡಿದ ಮುಂಬಯಿ ಪ್ರಾಂತ್ಯದ ಇಬ್ಬರು ಇಂಗ್ಲಿಷ್ ವೈದ್ಯರ ಹೆಸರಿದೆ. ಕಾವಸ್‌ಜಿಯ ಚಿತ್ರ ಬರೆದವನು ಜೇಮ್ಸ್ ವೇಲ್ಸ್ ಎಂಬ ಕಲಾವಿದ ಎಂಬುದೂ ದಾಖಲಾಗಿದೆ. ಹಣೆಯ ಚರ್ಮವನ್ನು ತಿರುಗಿಸಿ ಜೀವವಿರುವ ಮೂಗು ಮಾಡಿದವನಿಗೆ ಸಿಕ್ಕಿದ್ದು ಜಾತಿಯ ಗುರುತು ಮಾತ್ರ. ಅವನು ಯಾರಿಂದ ಕಲಿತ, ಎಷ್ಟು ವರ್ಷ ಮಾಡಿದ, ಯಾರಿಗೆ ಕಲಿಸಿದ ಎಂದು ಕೇಳಬೇಕೆಂದು ಯಾರಿಗೂ ಅನ್ನಿಸಲಿಲ್ಲ. ಕಾವಸ್‌ಜಿಯ ಮಾತೂ ಇಲ್ಲ. ಹೊಸ ಮೂಗಿನಲ್ಲಿ ಉಸಿರಾಟ ಸಲೀಸಾಗಿತ್ತೇ, ಚಳಿಗೆ ಮರಗಟ್ಟುತ್ತಿತ್ತೇ, ಊರವರು ಅವನನ್ನು ಮೊದಲಿನಂತೆ ಮಾತನಾಡಿಸಿದರೇ ಎಂಬುದಕ್ಕೆ ಉತ್ತರ ಅವನೊಬ್ಬನಲ್ಲೇ ಇತ್ತು. ಮೂಗು ಕೊಯ್ಯುವುದು ಅವಮಾನಕ್ಕೆಂದೇ ಕೊಡುತ್ತಿದ್ದ ಶಿಕ್ಷೆಯಾಗಿದ್ದ ನಾಡಿನಲ್ಲಿ ಈ ಕೊನೆಯ ಪ್ರಶ್ನೆ ಚಿಕಿತ್ಸೆಯ ಹೊರಗಿನದಾಗಿರಲಿಲ್ಲ.

ಎರಡನೆಯ ವರದಿ ಈ ಪತ್ರದಿಂದಲೇ ಹುಟ್ಟಿದ್ದು. ಲಂಡನ್ನಿನ ಶಸ್ತ್ರವೈದ್ಯ ಜೋಸೆಫ್ ಕಾನ್‌ಸ್ಟಂಟೈನ್ ಕಾರ್ಪ್ಯೂ ಭಾರತದ ವಿಧಾನವನ್ನು ತಿಳಿದು, ಶವಗಳ ಮೇಲೆ ಅಭ್ಯಾಸ ಮಾಡಿ, ತಕ್ಕ ರೋಗಿಗಾಗಿ ಸುಮಾರು ಇಪ್ಪತ್ತು ವರ್ಷ ಕಾದರು. 1814ರ ಅಕ್ಟೋಬರ್ 23ರಂದು ಚೆಲ್ಸಿಯ ಯಾರ್ಕ್ ಆಸ್ಪತ್ರೆಯಲ್ಲಿ ಅವರ ಮುಂದೆ ಕೂತವನು ಒಬ್ಬ ಸೇನಾಧಿಕಾರಿ. ಪಿತ್ತಜನಕಾಂಗದ ಕಾಯಿಲೆಗೆ ಕೊಟ್ಟ ಪಾದರಸ ಅವನ ಮೂಗನ್ನು ತಿಂದುಹಾಕಿತ್ತು. ಅರಿವಳಿಕೆ ಇನ್ನೂ ಬಂದಿರದ ಕಾಲ. ಈಥರ್‌ನ ಮೊದಲ ಸಾರ್ವಜನಿಕ ಪ್ರಯೋಗ ನಡೆದದ್ದು 1846ರ ಅಕ್ಟೋಬರ್‌ನಲ್ಲಿ, ಕಾರ್ಪ್ಯೂ ತೀರಿಕೊಂಡ ವರ್ಷವೇ. ಎಚ್ಚರವಾಗಿರುವ ಮನುಷ್ಯನ ಹಣೆಯ ಚರ್ಮವನ್ನು ಸುಲಿದು ತಿರುಗಿಸಿ ಹೊಲಿಯಬೇಕಿತ್ತು. ಮೂರನೆಯ ದಿನ ಕಟ್ಟು ಬಿಚ್ಚಿದಾಗ ಮೂಗು ಕೂಡಿಕೊಂಡದ್ದನ್ನು ಕಂಡು ಅಲ್ಲಿದ್ದವರೊಬ್ಬರು ಬೆರಗಿನಿಂದ ಕೂಗಿದರಂತೆ. ಎರಡನೆಯ ರೋಗಿ 1811ರ ಅಲ್ಬುವೆರಾ ಕದನದಲ್ಲಿ ಕತ್ತಿಯ ಏಟಿಗೆ ಮುಖದ ಭಾಗ ಕಳೆದುಕೊಂಡಿದ್ದ ಕ್ಯಾಪ್ಟನ್ ಲೇಥಮ್.

1816ರಲ್ಲಿ ಕಾರ್ಪ್ಯೂ ಈ ಎರಡು ಪ್ರಕರಣಗಳನ್ನು ಪುಸ್ತಕ ಮಾಡಿದರು. ಅದರಲ್ಲಿ ಮೆಚ್ಚಬೇಕಾದ್ದು ಹಲವು. ತಮ್ಮ ಸಾಧನೆಗೆ ಹೋಗುವ ಮೊದಲು ಅವರು ಭಾರತದ ವಿಧಾನವನ್ನೂ ಇಟಲಿಯ ವಿಧಾನವನ್ನೂ ವಿವರಿಸುತ್ತಾರೆ. ಬೊಲೊನ್ಯಾದ ಗಾಸ್ಪಾರೆ ತಾಲ್ಯಾಕೊತ್ಸಿ 1597ರ ತಮ್ಮ ಗ್ರಂಥದಲ್ಲಿ ತೋಳಿನ ಚರ್ಮದಿಂದ ಮೂಗು ಮಾಡುವುದನ್ನು ಬರೆದಿದ್ದರು. ರೋಗಿ ವಾರಗಟ್ಟಲೆ ತೋಳನ್ನು ಮುಖಕ್ಕೆ ಕಟ್ಟಿಕೊಂಡು ಇರಬೇಕಿತ್ತು. ಯುರೋಪು ಅದನ್ನು ಮರೆತು, ಇತರರ ಮಾಂಸದಿಂದ ಮಾಡಿದ ಮೂಗು ಮಾಂಸ ಕೊಟ್ಟವನು ಸತ್ತಾಗ ಉದುರುತ್ತದೆ ಎಂದು ಕತೆ ಕಟ್ಟಿ ನಕ್ಕಿತ್ತು. ಆ ನಗೆಯ ನಡುವೆ ಕಾರ್ಪ್ಯೂ ಈ ವಿಧಾನವನ್ನು ಗಂಭೀರವಾಗಿ ಕೈಗೆತ್ತಿಕೊಂಡರು, ಮೂಲ ಯಾವ ನಾಡಿನದೆಂದು ಮುಚ್ಚಿಡಲಿಲ್ಲ. ಹಾಗಾಗಿ ಪುಸ್ತಕ ಕೆಲಸ ಮಾಡಿತು. ಬರ್ಲಿನ್ನಿನ ಕಾರ್ಲ್ ಫರ್ಡಿನೆಂಡ್ ಫಾನ್ ಗ್ರೇಫೆ 1818ರಲ್ಲಿ ಇದೇ ವಿಷಯದ ಮೇಲೆ ತಮ್ಮ ಗ್ರಂಥ ತಂದರು. ಯುರೋಪಿನ ಉದ್ದಕ್ಕೂ ಮೂಗು ಕಟ್ಟುವ ವಿದ್ಯೆ ಮತ್ತೆ ಚಿಗುರಿತು.

ಆದರೆ ಇಲ್ಲೂ ಎರಡೇ ಪ್ರಕರಣ, ಎರಡೂ ಯಶಸ್ವಿ. ಪುಸ್ತಕದ ಹೆಸರಿನಲ್ಲೇ ಯಶಸ್ಸು ಕೂತಿದೆ. ಅಲ್ಲಿ ಕಾಣದ ದೊಡ್ಡ ತೊಡಕೊಂದು ಮುಂದಿನ ನೂರೈವತ್ತು ವರ್ಷ ಶಸ್ತ್ರವೈದ್ಯರನ್ನು ಕಾಡಿತು. ಮೂಗೆಂದರೆ ಹೊರಚರ್ಮವಷ್ಟೇ ಅಲ್ಲ. ಒಳಗೆ ತೇವದ ಪದರ, ನಡುವೆ ಮೃದ್ವಸ್ಥಿಯ ಆಧಾರ ಎರಡೂ ಬೇಕು. ಒಳಪದರವಿಲ್ಲದೆ ಇಳಿಸಿದ ಚರ್ಮದ ಹಸಿಮೈ ಮಾಯುತ್ತಾ ಸುಕ್ಕುಗಟ್ಟಿ ಒಳಕ್ಕೆ ಎಳೆದುಕೊಳ್ಳುತ್ತದೆ. ತಿಂಗಳುಗಳು ಕಳೆದಂತೆ ಮೂಗು ಕುಗ್ಗಿ ಹೊಳ್ಳೆ ಕಿರಿದಾಗುತ್ತದೆ. ಮೂರನೆಯ ದಿನದ ಬೆರಗು ಈ ಸತ್ಯವನ್ನು ಹೇಳಲಾರದು. ಅದನ್ನು ಹೇಳುವುದು ಮೂರನೆಯ ವರ್ಷದ ಮುಖ. ಒಳಪದರ, ಆಧಾರ, ಹೊದಿಕೆ ಮೂರನ್ನೂ ಬೇರೆಬೇರೆಯಾಗಿ ಕಟ್ಟಬೇಕೆಂಬ ಪಾಠ ಕ್ರಮೇಣ ಗಟ್ಟಿಯಾಯಿತು. 1985ರಲ್ಲಿ ಅಮೆರಿಕದ ಗ್ಯಾರಿ ಬರ್ಗೆಟ್ ಮತ್ತು ಫ್ರೆಡರಿಕ್ ಮೆನಿಕ್ ಮೂಗನ್ನು ತುದಿ, ಬೆನ್ನು, ಹೊಳ್ಳೆ ಎಂದು ಉಪಭಾಗಗಳಾಗಿ ನೋಡಿ ಮರುರಚಿಸುವ ತತ್ತ್ವವನ್ನು ಮುಂದಿಟ್ಟರು. ಕಿವಿಯಿಂದಲೋ ಪಕ್ಕೆಲುಬಿನಿಂದಲೋ ತೆಗೆದ ಮೃದ್ವಸ್ಥಿ ಇಂದು ಹಣೆಯ ಚರ್ಮದ ಅಡಿಗೆ ಚೌಕಟ್ಟಾಗಿ ನಿಲ್ಲುತ್ತದೆ. ಮುನ್ನಡೆಯ ದಾರಿ ತೆರೆದದ್ದು ಸೋತ ಮೂಗುಗಳನ್ನು ನೋಡಿ ಬರೆದವರಿಂದ.

ಇಲ್ಲಿ ನಮ್ಮ ಹೆಮ್ಮೆಯನ್ನೂ ತೂಗಬೇಕು. ಸುಶ್ರುತ ಸಂಹಿತೆಯ ಸೂತ್ರಸ್ಥಾನದ 16ನೆಯ ಅಧ್ಯಾಯದಲ್ಲಿ ಮೂಗು ಕಟ್ಟುವ ವಿಧಾನವಿದೆ. ಮೂಗಿನ ಅಳತೆಗೆ ಎಲೆಯೊಂದನ್ನು ಕತ್ತರಿಸಿ, ಅದೇ ಅಳತೆಯ ಚರ್ಮವನ್ನು ಬುಡ ಬಿಡದಂತೆ ಎತ್ತಿ, ಹೆರೆದ ಮೂಗಿನ ಮೇಲೆ ಕೂಡಿಸಿ, ಉಸಿರಿಗೆ ಎರಡು ನಳಿಗೆ ಇಡಬೇಕು ಎನ್ನುತ್ತದೆ ಆ ಗ್ರಂಥ. ಅಳತೆಯ ಎಲೆ ಮತ್ತು ಮೇಣದ ಹಾಳೆಯ ನಡುವಿನ ನಂಟು ಎದ್ದುಕಾಣುವಂಥದು. ಆದರೆ ಸುಶ್ರುತ ಚರ್ಮ ತೆಗೆಯುವುದು ಕೆನ್ನೆಯಿಂದ. ಪುಣೆಯ ವಿಧಾನ ಹಣೆಯದು. ಕೆನ್ನೆಯಿಂದ ಹಣೆಗೆ ಸಾಗಿದ ಆ ಹೆಜ್ಜೆಯನ್ನು ಇಟ್ಟವರು ಗ್ರಂಥ ಬರೆದವರಲ್ಲ. ಕುಂಬಾರರು, ಇಟ್ಟಿಗೆಯವರು, ಹಿಮಾಚಲದ ಕಾಂಗ್ರಾದಲ್ಲಿ ತಲೆಮಾರುಗಳಿಂದ ಇದೇ ಕೆಲಸ ಮಾಡಿದ ಕುಟುಂಬದಂಥವರು ಇದನ್ನು ಕೈಯಿಂದ ಕೈಗೆ ದಾಟಿಸಿದರು. ಎಲ್ಲ ಕೀರ್ತಿಯನ್ನೂ ಸುಶ್ರುತನ ಪಾದಕ್ಕೆ ಅರ್ಪಿಸಿದಾಗ ಬಿ.ಎಲ್. ಮಾಡಿದ ತಪ್ಪನ್ನೇ ನಾವೂ ಮಾಡುತ್ತೇವೆ. ಪುಣೆಯ ಆ ಕುಶಲಿಗ ಎರಡನೆಯ ಸಲ ಹೆಸರು ಕಳೆದುಕೊಳ್ಳುತ್ತಾನೆ.

ಈ ಅಳತೆಗೋಲನ್ನು ಇಂದಿಗೂ ಹಿಡಿದು ನೋಡಬಹುದು. 2007ರ ನವೆಂಬರ್‌ನಲ್ಲಿ ಬೆಂಗಳೂರಿನ ಸ್ಪರ್ಶ ಆಸ್ಪತ್ರೆಯಲ್ಲಿ ಡಾ. ಶರಣ ಪಾಟೀಲರ ನೇತೃತ್ವದ ತಂಡ ಬಿಹಾರದ ಎರಡು ವರ್ಷದ ಮಗುವಿಗೆ ಶಸ್ತ್ರಚಿಕಿತ್ಸೆ ಮಾಡಿತು. ಪೂರ್ತಿ ಬೆಳೆಯದ ಅವಳಿಯ ದೇಹ ಸೊಂಟದ ಬಳಿ ಅಂಟಿಕೊಂಡಿದ್ದರಿಂದ ಆ ಮಗುವಿಗೆ ನಾಲ್ಕು ಕೈ, ನಾಲ್ಕು ಕಾಲು ಇದ್ದವು. ಮೂವತ್ತಕ್ಕೂ ಹೆಚ್ಚು ವೈದ್ಯರು, ಒಂದು ಹಗಲು ಒಂದು ರಾತ್ರಿಗೂ ಮೀರಿದ ಹೊತ್ತು. ಜನರ ನೆನಪಿನಲ್ಲಿ ಉಳಿದದ್ದು ಕೈಗಳ ಲೆಕ್ಕ, ಗಂಟೆಗಳ ಲೆಕ್ಕ, ದೇವಿಯ ಅವತಾರ ಎಂಬ ಮಾತು. ಅಂಟಿಕೊಂಡ ಬೆನ್ನುಮೂಳೆಗಳನ್ನು ಬೇರ್ಪಡಿಸಿದ್ದು, ಅವಳಿಯ ದೇಹದಲ್ಲಿದ್ದ ಮೂತ್ರಪಿಂಡವನ್ನು ಮಗುವಿನ ದೇಹಕ್ಕೆ ಉಳಿಸಿಕೊಟ್ಟದ್ದು, ತೆರೆದೇ ಇದ್ದ ಸೊಂಟದ ಮೂಳೆಯ ಉಂಗುರವನ್ನು ಕೂಡಿಸಿದ್ದು ನಿಜವಾದ ಸಾಹಸ. ಮಗು ನಿಲ್ಲಬೇಕಾದರೆ, ನಡೆಯಬೇಕಾದರೆ ಎಲ್ಲವೂ ಆ ಉಂಗುರದ ಮೇಲೆ ನಿಂತಿತ್ತು. ಸುದ್ದಿಯ ಗದ್ದಲದಲ್ಲಿ ಅದಕ್ಕೆ ಸಿಕ್ಕ ಜಾಗ ಕಡಿಮೆ.

ಇಂದು ‘ಅಪರೂಪದ ಶಸ್ತ್ರಚಿಕಿತ್ಸೆ ಯಶಸ್ವಿ’ ಎಂಬ ತಲೆಬರಹದಡಿ ಬರುವ ಬಹಳಷ್ಟು ಸುದ್ದಿಗಳಲ್ಲಿ ಗೆಡ್ಡೆಯ ತೂಕ ಇರುತ್ತದೆ, ಹೂಗುಚ್ಛ ಹಿಡಿದ ಫೋಟೊ ಇರುತ್ತದೆ. ಡಿಸ್ಚಾರ್ಜ್ ಆದ ದಿನವೇ ಕತೆ ಮುಗಿಯುತ್ತದೆ. ವೈದ್ಯಕೀಯ ಪತ್ರಿಕೆಗಳು ಈ ವಿಷಯದಲ್ಲಿ ಮುಂದೆ ಹೋಗಿವೆ. ಪ್ರಕರಣ ವರದಿ ಬರೆಯುವವರಿಗೆ 2013ರ ‘ಕೇರ್’ ಸೂಚಿಯೂ ಶಸ್ತ್ರಚಿಕಿತ್ಸೆಗಾಗಿಯೇ ಮಾಡಿದ 2016ರ ‘ಸ್ಕೇರ್’ ಸೂಚಿಯೂ ತೊಡಕುಗಳನ್ನು, ನಂತರದ ಸ್ಥಿತಿಯನ್ನು, ರೋಗಿಯ ಅನುಭವವನ್ನು ಬರೆಯುವಂತೆ ಕೇಳುತ್ತವೆ. ಕಾವಸ್‌ಜಿಯನ್ನು ಯಾರೂ ಕೇಳದ ಪ್ರಶ್ನೆಗಳು ಕೊನೆಗೂ ಪಟ್ಟಿಯಲ್ಲಿ ಸೇರಿವೆ. ಅದೇ ಶಿಸ್ತು ದಿನಪತ್ರಿಕೆಗೂ ಆಸ್ಪತ್ರೆಯ ಪ್ರಕಟಣೆಗೂ ಬರಬೇಕು. ಏನು ಮಾಡಿದರು, ಹಾಗೆಯೇ ಏಕೆ ಮಾಡಿದರು, ಏನು ಕೈಕೊಟ್ಟಿತು, ಒಂದು ವರ್ಷದ ನಂತರ ರೋಗಿ ಹೇಗಿದ್ದಾನೆ, ತಂಡದಲ್ಲಿ ಯಾರ್‍ಯಾರ ಕೈ ಇತ್ತು ಎಂಬ ಐದು ಪ್ರಶ್ನೆಗಳಿಗೆ ಉತ್ತರವಿಲ್ಲದ ವರದಿ ಜಾಹೀರಾತಾಗಬಹುದು, ವಿದ್ಯೆಯಾಗಲಾರದು.

ಮೊದಲ ಎರಡು ಪ್ರಶ್ನೆಗಳಲ್ಲಿ 1794ರ ಪತ್ರ ಇಂದಿನ ಎಷ್ಟೋ ಸುದ್ದಿಗಳಿಗಿಂತ ಮುಂದಿದೆ. ಅದನ್ನು ಓದಿದ ಒಬ್ಬ ವೈದ್ಯ ಸಾವಿರಾರು ಮೈಲಿ ದೂರದಲ್ಲಿ ಮೂಗು ಕಟ್ಟಬಲ್ಲವನಾದದ್ದೇ ಅದಕ್ಕೆ ಪುರಾವೆ. ಉಳಿದ ಮೂರರಲ್ಲಿ ಅದು ಸೋತಿದೆ. ಆ ಮೂರನ್ನು ಗೆಲ್ಲುವ ಅನುಕೂಲ ನಮಗೆ ಇದೆ, ಹಾಗಾಗಿ ಹೊಣೆಯೂ ನಮ್ಮದೇ.