ಕೊಂಬು ನೋಡಿ ಕೊಂಡ ಅಡಿಗಲ್ಲು

ಹತ್ತಿಮತ್ತೂರಿನ ಸುತ್ತಲಿನ ಎರೆಹೊಲಗಳಿಗೆ ಕುಂಟೆ ಇಳಿಯುವ ಮುಂಚೆ ಕುಲುಮೆಯ ಮುಂದೆ ಕುಡಗಳ ಸಾಲು ಬೀಳುತ್ತಿತ್ತು. ಮುಂಗಾರಿಗೆ ಕುಡ ಹಣಿಸುವುದು, ಸುಗ್ಗಿಗೆ ಕುಡಗೋಲು ಹದ ಮಾಡಿಸುವುದು; ಕೂಲಿ ಕಾಳಿನಲ್ಲಿ, ಆಯದ ಲೆಕ್ಕದಲ್ಲಿ. ಟ್ರ್ಯಾಕ್ಟರ್ ಬಂದ ಮೇಲೆ ಆ ಸಾಲು ಕರಗಿತು. ಇತ್ತ ಹೊಟ್ಟೆಪಾಡಿಗಲ್ಲದೆ ಹುಚ್ಚಿಗಾಗಿ ಕಬ್ಬಿಣ ಬಡಿಯುವ ಹೊಸಬರು ಹುಟ್ಟಿಕೊಂಡಿದ್ದಾರೆ. ನಾನೂ ಅವರಲ್ಲೊಬ್ಬ. ನಾವು ಮೊದಲು ಕೊಳ್ಳುವ ಸಾಮಾನು ಕಾಸಿದ ಕಬ್ಬಿಣ ಇಟ್ಟು ಬಡಿಯುವ ಅಡಿಗಲ್ಲು, ಮೊದಲು ಎಡವುವುದೂ ಅದನ್ನೇ. (ಶಾಸಕರು ಹಾರ ಹಾಕಿಸಿಕೊಂಡು ಇಡುವ ಅಡಿಗಲ್ಲು ಬೇರೆ. ಅದನ್ನು ಯಾರೂ ಬಡಿದು ಪರೀಕ್ಷಿಸುವುದಿಲ್ಲ.)

ನಾನು ಕೊಂಡದ್ದು ಹಸಿರು ಬಣ್ಣದ, ಚೂಪು ಕೊಂಬಿನ, 10 ಕೆ.ಜಿ.ಯ ಚೆಲುವ. ಮೂರನೇ ದಿನಕ್ಕೆ ಅದರ ಅಂಚು ಹಳೆಯ ಬೆಲ್ಲದ ಪೆಂಟೆಯಂತೆ ಚಕ್ಕೆ ಎದ್ದಿತು. ಒಡೆದ ಜಾಗದಲ್ಲಿ ಬೂದು ಬಣ್ಣದ ಹರಳು ಹರಳು. ಎರಕದ ಕಬ್ಬಿಣ! ಒಲೆಯ ಜಾಲರಿಗೆ, ಮೋಟರಿನ ಕವಚಕ್ಕೆ ಅದು ಒಳ್ಳೆಯದು. ಸುತ್ತಿಗೆಯ ಏಟಿಗೆ ಮಾತ್ರ ಅಲ್ಲ. ಏಟನ್ನು ಮರಳಿ ಕೊಡುವ ಬದಲು ಅದು ನುಂಗಿಬಿಡುತ್ತದೆ, ತೋಳು ಸೋಲುತ್ತದೆ, ಕಾಸಿದ ಕಬ್ಬಿಣ ಹಾಗೇ ಕೂತಿರುತ್ತದೆ.

ಕುಲುಮೆಯ ಕಾಕಾನಿಗೆ ತೋರಿಸಿದೆ. ಆತ ಎತ್ತಿ ನೋಡಲೂ ಇಲ್ಲ. "ತಮ್ಮಾ, ಎತ್ತು ತರೂವಾಗ ಬರೇ ಕೊಂಬು ನೋಡಿ ತರ್ತಾರೇನು? ಹೆಗಲು ನೋಡಬೇಕು."

ಆತನ ಅಡಿಗಲ್ಲಿಗೆ ಕೊಂಬೇ ಇಲ್ಲ. ಗೇಣುದ್ದದ ಚೌಕ ಉಕ್ಕಿನ ಗಟ್ಟಿ, ಅರ್ಧಕ್ಕಿಂತ ಹೆಚ್ಚು ಜಾಲಿ ಕೊರಡಿನೊಳಗೆ, ಕೊರಡು ನೆಲದೊಳಗೆ. ಮೇಲೆ ಕಾಣುವುದು ಅಂಗೈಯಗಲದ ಮುಖ, ನಡುವೆ ತುಸು ತಗ್ಗು, ಅಂಚುಗಳು ಬಡಿತಕ್ಕೆ ಉರುಟಾಗಿ ನುಣುಪಾಗಿವೆ. ಕೂತು ಕೆಲಸ ಮಾಡುವವರಿಗೆ ಹೇಳಿ ಮಾಡಿಸಿದ ವಿನ್ಯಾಸ. ತೂಕವೆಲ್ಲ ಸುತ್ತಿಗೆ ಬೀಳುವ ಜಾಗದ ನೇರ ಕೆಳಗೇ ಇದೆ. ಜಪಾನಿನ ಕತ್ತಿ ಕಮ್ಮಾರರ ಅಡಿಗಲ್ಲೂ ಹೀಗೇ ಬರೀ ಗಟ್ಟಿ. ಕೊಂಬು, ಬಾಲ, ತೆಳು ಸೊಂಟದ ಲಂಡನ್ ಮಾದರಿ ನಮ್ಮ ಕಸುಬಿಗೆ ಮೊನ್ನೆ ಮೊನ್ನೆ ಬಂದ ನೆಂಟ. ಕಸುಬು ಮಾತ್ರ ಹಳೆಯದು: ನಮ್ಮ ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ, ತುಂಗಭದ್ರೆಯ ದಂಡೆಯಲ್ಲಿ, 1965ರಲ್ಲಿ ಪುರಾತತ್ವಜ್ಞ ಎಂ. ಎಸ್. ನಾಗರಾಜರಾವ್ ಅಗೆಸಿದಾಗ ಕ್ರಿ.ಪೂ. 1000ದ ಆಸುಪಾಸಿನ ಕಬ್ಬಿಣದ ಸಾಮಾನು ಸಿಕ್ಕಿತು. ಅಂಥ ಹಳೆಯ ಕಸುಬಿನ ಸಾಧನದ ಹೆಸರಿನಲ್ಲೇ ಇನ್ನೂ 'ಕಲ್ಲು' ಉಳಿದಿದೆ. ತಮಿಳು, ಮಲಯಾಳದಲ್ಲೂ ಅದೇ ಕಲ್ಲು.

ಕೊಂಬು ನಿರುಪಯೋಗಿ ಎನ್ನುತ್ತಿಲ್ಲ. ಬಳೆ, ಕೊಂಡಿ ಬಾಗಿಸಲು ಬೇಕು. ಆದರೆ ಆ ಕೆಲಸಕ್ಕೆ ವೈಸಿನಲ್ಲಿ ಹಿಡಿದ ದಪ್ಪ ಸರಳೂ ಸಾಕು.

ಹೊಸಬರ ಇನ್ನೊಂದು ಮೋಹ ರೈಲು ಹಳಿ. ಉಕ್ಕು ಒಳ್ಳೆಯದೇ. ನಮ್ಮ ಹಳಿಗಳು ಮೀಟರಿಗೆ 52 ಇಲ್ಲವೇ 60 ಕೆ.ಜಿ. ತೂಗುತ್ತವೆ, ಅರ್ಧ ಮೀಟರು ಸಿಕ್ಕರೆ 26ರಿಂದ 30 ಕೆ.ಜಿ. ಅದನ್ನು ಮಲಗಿಸಿ ಬಡಿಯುವುದೇ ಎಲ್ಲರ ತಪ್ಪು: ತೆಳು ನಡುವಿನ ಮೇಲೆ ಏಟು ಬಿದ್ದು ಹಳಿ ಕುಣಿಯುತ್ತದೆ. ನಿಲ್ಲಿಸಿ ಹೂಳಬೇಕು. ಮುಖ ಚಿಕ್ಕದಾದೀತು, ಅಡಿಯಲ್ಲಿ ತೂಕ ಸಿಗುತ್ತದೆ. ಆದರೆ ಗುಜರಿಯವನು ರಸೀದಿ ಕೊಡದಿದ್ದರೆ ಮುಟ್ಟಬೇಡಿ. ರೈಲ್ವೆ ಆಸ್ತಿಯ ಅಕ್ರಮ ಸ್ವಾಧೀನ ತಡೆಯುವ 1966ರ ಕಾಯ್ದೆಯಲ್ಲಿ, ಕದ್ದ ಮಾಲೆಂಬ ಶಂಕೆ ಬಂದರೆ ನ್ಯಾಯವಾಗಿಯೇ ಪಡೆದೆ ಎಂದು ತೋರಿಸುವ ಭಾರ ಇಟ್ಟುಕೊಂಡವನ ಮೇಲೆಯೇ ಬೀಳುತ್ತದೆ. ಹವ್ಯಾಸಕ್ಕಾಗಿ ಕೋರ್ಟು ಹತ್ತುವುದು ಬೇಡ.

ಹಾಗಾದರೆ ಯಾವುದು? ನನ್ನ ಮತ ಕಾಕಾನ ಗಟ್ಟಿಗೇ. ಲೇತ್ ಕೆಲಸದವರು ಇಎನ್-8 ಎನ್ನುವ ಉಕ್ಕಿನ ತುಂಡು, 10 ಸೆಂ.ಮೀ. ಚೌಕ, 30 ಸೆಂ.ಮೀ. ಎತ್ತರ, ಸುಮಾರು 23 ಕೆ.ಜಿ. ಬರುತ್ತದೆ. ಒಂದು ಕೆ.ಜಿ. ಸುತ್ತಿಗೆಗೆ ಅಡಿಗಲ್ಲು ಇಪ್ಪತ್ತು ಪಟ್ಟಾದರೂ ತೂಗಬೇಕು ಎಂಬ ಲೆಕ್ಕಕ್ಕೆ ಇದು ಸರಿ. ಹದ ಕೊಡಿಸದ ಉಕ್ಕು ಮೆತ್ತಗೆ, ತಣ್ಣಗಿನ ಕಬ್ಬಿಣ ಇಟ್ಟು ಬಡಿದರೆ ಗುಳಿ ಬೀಳುತ್ತದೆ, ಅದು ಇದರ ದೋಷ. ಆದರೆ ಗುಳಿಯನ್ನು ಅರದಿಂದ ಉಜ್ಜಿ ತೆಗೆಯಬಹುದು. ಎರಕದ ಚಕ್ಕೆ ಹೋದರೆ ಹೋಯಿತು, ಕಣ್ಣಿಗೆ ಸಿಡಿದರೆ ಕಣ್ಣೂ ಹೋದೀತು. ನಿಂತು ಕೆಲಸ ಮಾಡುವವರಾದರೆ ಕೈ ಇಳಿಬಿಟ್ಟು ಮುಷ್ಟಿ ಕಟ್ಟಿ: ಬೆರಳ ಗೆಣ್ಣು ಎಲ್ಲಿಗೆ ಬರುತ್ತದೋ ಅಡಿಗಲ್ಲಿನ ಮುಖ ಅಲ್ಲಿಗೆ.

ಕೊಂಬಿನದೇ ಬೇಕೆಂದು ಹಟವಿದ್ದರೆ ಅಂಗಡಿಗೆ ಹೋಗುವಾಗ ಗ್ಯಾರೇಜಿನಿಂದ ಒಂದು ಬೇರಿಂಗ್ ಗುಂಡು ಇಸಕೊಂಡು ಹೋಗಿ. ಮುಖದ ಮೇಲೆ 10 ಇಂಚಿನಿಂದ ಬಿಡಿ. ಏಳೆಂಟು ಇಂಚು ಪುಟಿದರೆ ದರ ಮಾತಾಡಿ. ಸತ್ತಂತೆ ಕೂತರೆ ಬಣ್ಣ ಎಷ್ಟೇ ಚೆಂದವಿರಲಿ, ಹೊರಡಿ. ಗುಂಡು ಬಿಡಲು ಬಿಡದ ಅಂಗಡಿಯಲ್ಲಿ ಕೊಳ್ಳಲೇಬೇಡಿ.