ಧೈರ್ಯಕ್ಕೆ ಬೇರೆ ತಾಲೀಮಿಲ್ಲ

ಬಯಲು ರಂಗಮಂದಿರಗಳ ಬೆಳಕಿನ ವಿನ್ಯಾಸದ ಕುರಿತು ಈ ವಾರ ಬರೆಯುವುದಾಗಿ ಅಂಕಣವು ಮಾತು ಕೊಟ್ಟಿತ್ತು. ಆದರೆ ಪರೀಕ್ಷೆಯ ದಿನಗಳು ಹತ್ತಿರವಾದಂತೆಲ್ಲ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಶಾಲಾ ಸಭಾಂಗಣಗಳಲ್ಲಿ ‘ಪ್ರೇರಣಾ ಉಪನ್ಯಾಸ’ದ ಬ್ಯಾನರುಗಳು ಏಳುತ್ತವಾದ್ದರಿಂದ, ಬೆಳಕಿನ ವಿಚಾರವನ್ನು ಮುಂದಕ್ಕೆ ಹಾಕಿ, ಎಳೆಯರನ್ನು ಒತ್ತಡಕ್ಕೆ ಅಣಿಗೊಳಿಸುವ ವಿದ್ಯೆಯಲ್ಲಿ ರಂಗಭೂಮಿಗೆ ಗೊತ್ತಿರುವುದೇನೆಂಬುದನ್ನು ಹೇಳಿಬಿಡುವುದೇ ಮೇಲು.

2023ರ ಮೇ ತಿಂಗಳಲ್ಲಿ ಪ್ರಕಟವಾದ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಚಿತ್ರದುರ್ಗ ಜಿಲ್ಲೆ ಶೇ 96.80ರಷ್ಟು ಉತ್ತೀರ್ಣತೆಯೊಂದಿಗೆ ರಾಜ್ಯಕ್ಕೇ ಮೊದಲಾಯಿತು. ಮರುವರ್ಷ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್, ಎಂದರೆ ಕೊಠಡಿಯೊಳಗಿನ ದೃಶ್ಯವನ್ನು ಕ್ಯಾಮೆರಾದ ಮೂಲಕ ಬೇರೆಡೆ ಕುಳಿತ ಅಧಿಕಾರಿಗಳು ನೇರವಾಗಿ ನೋಡುವ ವ್ಯವಸ್ಥೆ ಬಂದಿತು. ರಾಜ್ಯದ ಒಟ್ಟು ಫಲಿತಾಂಶ ಶೇ 83.89ರಿಂದ ಶೇ 73.40ಕ್ಕೆ ಇಳಿಯಿತು, ಮೊದಲ ಸ್ಥಾನ ಉಡುಪಿಯ ಪಾಲಾಯಿತು, ಚಿತ್ರದುರ್ಗ ಪಟ್ಟಿಯ ಕೆಳ ಅರ್ಧಕ್ಕೆ ಜಾರಿತು. ನಕಲು ನಿಂತದ್ದರ ಫಲವಿದು ಎಂದು ಹಲವರು ಷರಾ ಬರೆದು ಮುಗಿಸಿದರು. ಅದರಲ್ಲಿ ಎಷ್ಟು ನಿಜವಿದೆಯೆಂಬುದನ್ನು ಶಿಕ್ಷಣ ಇಲಾಖೆ ನೋಡಿಕೊಳ್ಳಲಿ. ರಂಗಾಸಕ್ತರ ಕಣ್ಣಿಗೆ ಬೀಳಬೇಕಾದ ಸಂಗತಿ ಬೇರೊಂದಿದೆ. ಆ ವರ್ಷ ಹತ್ತನೆಯ ತರಗತಿಯ ಮಕ್ಕಳು ಕಾಣದ ಪ್ರೇಕ್ಷಕರೆದುರು ಮೊಟ್ಟಮೊದಲ ಬಾರಿಗೆ ಕೂತು ಬರೆದರು, ಮತ್ತು ಆ ಪ್ರದರ್ಶನಕ್ಕೆ ಯಾರೂ ಅವರಿಗೆ ತಾಲೀಮು ಕೊಟ್ಟಿರಲಿಲ್ಲ.

ನೋಡುವವರಿದ್ದಾಗ ಮನುಷ್ಯನ ಸಾಮರ್ಥ್ಯ ಹೆಚ್ಚುವುದೋ ಕುಗ್ಗುವುದೋ ಎಂಬ ಹಳೆಯ ಜಗಳಕ್ಕೆ ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಜಾಯನ್ಸ್ 1965ರಲ್ಲಿ ಒಂದು ಪರಿಹಾರ ಸೂಚಿಸಿದರು. ಪ್ರೇಕ್ಷಕರ ಇರವು ದೇಹವನ್ನು ಉದ್ರೇಕಿಸುತ್ತದೆ, ಉದ್ರೇಕಗೊಂಡ ದೇಹವು ತನಗೆ ಅತ್ಯಂತ ರೂಢಿಯಾದ ಪ್ರತಿಕ್ರಿಯೆಯನ್ನೇ ಹೊರಹಾಕುತ್ತದೆ, ಆದಕಾರಣ ಚೆನ್ನಾಗಿ ಪಳಗಿದ ಕೆಲಸ ಜನರೆದುರು ಇನ್ನಷ್ಟು ಚೆನ್ನಾಗಿಯೂ ಅರೆಬರೆ ಕಲಿತ ಕೆಲಸ ಇನ್ನಷ್ಟು ಕೆಟ್ಟದಾಗಿಯೂ ನಡೆಯುತ್ತದೆ ಎಂಬುದು ಅವರ ವಾದದ ತಿರುಳು. 1969ರಲ್ಲಿ ಅವರು ಮತ್ತು ಅವರ ಸಹೋದ್ಯೋಗಿಗಳು ಇದನ್ನು ಜಿರಳೆಗಳ ಮೇಲೂ ಪರೀಕ್ಷಿಸಿ ನೋಡಿದರು: ಪಾರದರ್ಶಕ ಪೆಟ್ಟಿಗೆಗಳಲ್ಲಿ ಬೇರೆ ಜಿರಳೆಗಳನ್ನು ಪ್ರೇಕ್ಷಕರನ್ನಾಗಿ ಕೂರಿಸಿದಾಗ, ನೇರ ಹಾದಿಯಲ್ಲಿ ಓಡುವ ಜಿರಳೆ ಬೇಗ ಗುರಿ ಮುಟ್ಟಿತು, ತಿರುವಿನ ಹಾದಿಯಲ್ಲಿ ಓಡಬೇಕಾದದ್ದು ತಡವರಿಸಿತು. ಪ್ರೇರಣಾ ಉಪನ್ಯಾಸಕರು ಹೇಳುವ ‘ಆತ್ಮವಿಶ್ವಾಸ’ ಜಿರಳೆಗೆ ಇರಲಾರದು. ಇದ್ದದ್ದು ಹಾದಿಯ ಸುಲಭ ಕಷ್ಟಗಳು ಮಾತ್ರ. ಹಾದಿ ಕಾಲಿಗೆ ರೂಢಿಯಾಗುವವರೆಗೆ ನಡೆಯುವುದಕ್ಕೆ ರಂಗಭೂಮಿಯಲ್ಲಿ ತಾಲೀಮೆಂದು ಹೆಸರು, ಮತ್ತು ಅದಕ್ಕೆ ಬದಲಿಯಾಗಿ ಯಾವ ಭಾಷಣವೂ ನಿಲ್ಲಲಾರದು.

ಈ ಮಾತಿಗೆ ಸಾಕ್ಷಿ ಬೇಕಾದವರು ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯತ್ತ ನೋಡಬಹುದು. ಸಿರಿಗೆರೆಯ ತರಳಬಾಳು ಮಠದ ಹಿಂದಿನ ಜಗದ್ಗುರು ಶಿವಕುಮಾರ ಶಿವಾಚಾರ್ಯ ಸ್ವಾಮೀಜಿ ಸ್ವತಃ ‘ಮರಣವೇ ಮಹಾನವಮಿ’ಯಂಥ ನಾಟಕಗಳನ್ನು ಬರೆದು ಆಡಿಸಿದವರು; ಅವರ ಹೆಸರಿನ ಕಲಾಸಂಘವನ್ನು ಸಾಣೇಹಳ್ಳಿಯಲ್ಲಿ ಕಟ್ಟಿದ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿ 1997ರಲ್ಲಿ ‘ಶಿವಸಂಚಾರ’ವೆಂಬ ರೆಪರ್ಟರಿಯನ್ನು, ಎಂದರೆ ಒಂದೇ ಕಲಾವಿದರ ಗುಂಪು ಹಲವು ನಾಟಕಗಳನ್ನು ಸಿದ್ಧವಾಗಿಟ್ಟುಕೊಂಡು ಊರೂರಿಗೆ ಹೋಗಿ ಆಡುವ ತಂಡವನ್ನು ಆರಂಭಿಸಿದರು. ರಂಗಕರ್ಮಿ ಸಿ.ಜಿ. ಕೃಷ್ಣಸ್ವಾಮಿಯವರ ಕಲ್ಪನೆಯಲ್ಲಿ ಗ್ರೀಕ್ ಮಾದರಿಯ ಬಯಲು ರಂಗಮಂದಿರ ಅಲ್ಲಿ ಎದ್ದಿತು, 2008ರಲ್ಲಿ ರಂಗಶಾಲೆಯೂ ಬಂತು. ಪ್ರತಿವರ್ಷ ಮೂರು ನಾಟಕಗಳು ಸಿದ್ಧವಾಗಿ, ನವೆಂಬರಿನ ನಾಟಕೋತ್ಸವದ ನಂತರ ಕರ್ನಾಟಕದುದ್ದಕ್ಕೂ ಸಂಚರಿಸುತ್ತವೆ.

ಇಂಥ ಸಂಚಾರಿ ತಂಡದಲ್ಲಿ ಇಪ್ಪತ್ತರ ಆಸುಪಾಸಿನ ಹುಡುಗ ಹುಡುಗಿಯರ ದಿನ ಹೇಗಿರುತ್ತದೆಂಬುದು ಈ ಅಂಕಣದ ಖಾಯಂ ಓದುಗರಿಗೆ ಗೊತ್ತಿರುವ ಸಂಗತಿಯೇ. ಸಾಮಾನು ಇಳಿಸುವವರು, ಪರದೆ ಕಟ್ಟುವವರು, ಏಣಿ ಹತ್ತಿ ದೀಪ ತೂಗುಹಾಕುವವರು, ವೇಷಭೂಷಣಕ್ಕೆ ಇಸ್ತ್ರಿ ಹಾಕುವವರು ಎಲ್ಲರೂ ಸಂಜೆಯ ಪಾತ್ರಧಾರಿಗಳೇ. ಆಟ ಮುಗಿದ ಮೇಲೆ ಬಣ್ಣ ಒರೆಸಿಕೊಂಡು ಅದೇ ಸಾಮಾನನ್ನು ಮತ್ತೆ ಗಾಡಿಗೆ ಏರಿಸುವವರೂ ಅವರೇ. ನಿನ್ನೆ ಮುಖ್ಯಪಾತ್ರ ಮಾಡಿದವನು ಇಂದು ಮೇಳದಲ್ಲಿ ನಿಲ್ಲುತ್ತಾನೆ. ನಿನ್ನೆಯ ಊರಿನಲ್ಲಿ ನಗು ಎಬ್ಬಿಸಿದ ಮಾತು ಇಂದಿನ ಊರಿನಲ್ಲಿ ಗಾಳಿಗೆ ಹೋದರೆ ಕುಗ್ಗಿ ಕೂರುವುದಕ್ಕೆ ಸಮಯವೇ ಇರುವುದಿಲ್ಲ, ಏಕೆಂದರೆ ಮುಂದಿನ ಪ್ರವೇಶಕ್ಕೆ ರುಮಾಲು ಬದಲಿಸಬೇಕಾಗಿರುತ್ತದೆ. ಸೋಲನ್ನು ಸಹಿಸಿಕೊಳ್ಳುವ ಗುಣವನ್ನು ಇಲ್ಲಿ ಯಾರೂ ಬೋಧಿಸುವುದಿಲ್ಲ; ನಾಳೆಯೂ ಆಟವಿದೆ ಎಂಬ ವೇಳಾಪಟ್ಟಿಯೇ ಅದನ್ನು ಕಲಿಸುತ್ತದೆ.

ಹಳೆಯ ಬಾಕಿಯೊಂದನ್ನು ಇಲ್ಲಿಯೇ ಚುಕ್ತಾ ಮಾಡುವುದು ಸೂಕ್ತ. ಎರಡು ತಿಂಗಳು ಕಾರ್ಯಾಗಾರ ನಡೆಸಿ, ದೇಹಭಾಷೆ, ಅವಕಾಶ, ಅನ್ವೇಷಣೆ ಎಂದು ಚರ್ಚೆ ಮಾಡಿ, ಆಮಂತ್ರಿತರೆದುರು ಎರಡು ಪ್ರಯೋಗ ಆಡಿ, ನಾಟಕವನ್ನು ಅಲ್ಲಿಗೇ ಮಣ್ಣು ಮಾಡುವ ಪಂಥವೊಂದು ನಗರಗಳಲ್ಲಿ ಬೇರೂರಿದೆ. ‘ಪ್ರಕ್ರಿಯೆಯೇ ಮುಖ್ಯ, ಪ್ರದರ್ಶನವಲ್ಲ’ ಎಂಬುದು ಅದರ ಘೋಷವಾಕ್ಯ. ಆದರೆ ಕನ್ನಡದ ನಟನೆ ಗಟ್ಟಿಯಾದದ್ದು 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯಂಥ ವೃತ್ತಿ ತಂಡಗಳ ದಿನನಿತ್ಯದ ಆಟದಲ್ಲಿ, 1985ರಲ್ಲಿ ಹೊರಟ ನೀನಾಸಂ ತಿರುಗಾಟದಲ್ಲಿ, 1989ರ ಮೈಸೂರು ರಂಗಾಯಣದಲ್ಲಿ, ಆಮೇಲೆ ಶಿವಸಂಚಾರದಲ್ಲಿ. ಮೊದಲ ಪ್ರದರ್ಶನದಲ್ಲಿ ನಟ ತನ್ನನ್ನು ನೋಡಿಕೊಳ್ಳುತ್ತಿರುತ್ತಾನೆ, ಹತ್ತನೆಯದರಲ್ಲಿ ಎದುರಿನ ಪಾತ್ರವನ್ನು ನೋಡಲಾರಂಭಿಸುತ್ತಾನೆ, ಮೂವತ್ತನೆಯದರ ಹೊತ್ತಿಗೆ ಪ್ರೇಕ್ಷಕರ ಉಸಿರು ಅವನಿಗೆ ಕೇಳಿಸತೊಡಗುತ್ತದೆ. ಎರಡೇ ಪ್ರಯೋಗದಲ್ಲಿ ನಿಂತುಹೋದವನಿಗೆ ದಕ್ಕುವುದು ಗಾಬರಿಯ ನೆನಪು ಮಾತ್ರ. ಒಂದೇ ಪರೀಕ್ಷೆ ಬರೆಸಿ ಮಗುವಿನ ಯೋಗ್ಯತೆ ಅಳೆಯುವ ಪದ್ಧತಿಯಲ್ಲೂ ಇದೇ ಕೊರತೆಯಿದೆ: ಅದರಲ್ಲಿ ಮೊದಲ ಆಟವೇ ಕೊನೆಯ ಆಟ.

ಈ ವಿಚಾರದಲ್ಲಿ ಆಧುನಿಕರಿಗಿಂತ ಭರತನೇ ಹೆಚ್ಚು ಉಪಯುಕ್ತ. ನಾಟ್ಯಶಾಸ್ತ್ರದ ಇಪ್ಪತ್ತೇಳನೆಯ ಅಧ್ಯಾಯ ‘ಸಿದ್ಧಿ’ಯ ಕುರಿತದ್ದು, ಎಂದರೆ ಪ್ರಯೋಗ ಗೆದ್ದಿತೆಂದು ಹೇಗೆ ತಿಳಿಯಬೇಕೆಂಬುದರ ಕುರಿತದ್ದು. ಪ್ರೇಕ್ಷಕರು ಮುಗುಳ್ನಗುವುದು, ಗಹಗಹಿಸುವುದು, ಭಲೆ ಎನ್ನುವುದು, ಅಯ್ಯೋ ಎನ್ನುವುದು, ರೋಮಾಂಚಗೊಳ್ಳುವುದು, ಕೂತಲ್ಲಿಂದ ಏಳುವುದು, ಬಟ್ಟೆ ಉಂಗುರಗಳನ್ನು ಎಸೆಯುವುದು ಇವೆಲ್ಲ ಮಾನುಷೀ ಸಿದ್ಧಿಯ ಗುರುತುಗಳು. ರಂಗ ತುಂಬಿದ್ದು, ಸದ್ದಾಗಲಿ ಗೊಂದಲವಾಗಲಿ ಉತ್ಪಾತವಾಗಲಿ ಇಲ್ಲದಿದ್ದರೆ ಅದು ದೈವೀ ಸಿದ್ಧಿ. ಇಷ್ಟು ಹೇಳಿ ಭರತನು ಪ್ರಯೋಗ ಕೆಡುವ ಬಗೆಗಳಿಗೆ, ಅವನ ಪರಿಭಾಷೆಯಲ್ಲಿ ‘ಘಾತ’ಗಳಿಗೆ ಕೈಹಾಕುತ್ತಾನೆ. ಗಾಳಿ, ಬೆಂಕಿ, ಮಳೆ, ಆನೆ, ಹಾವುಗಳಿಂದ ಬರುವುದು ದೈವದ ಪಾಲು. ಹೊಟ್ಟೆಕಿಚ್ಚಿನವರು ಕಿರುಚಾಡುವುದು, ಸೆಗಣಿ, ಹೆಂಟೆ, ಕೊನೆಗೆ ಇರುವೆಗಳನ್ನೂ ರಂಗಕ್ಕೆ ಎಸೆಯುವುದು ಎದುರಾಳಿಗಳ ಪಾಲು. ಭೂಕಂಪ, ಉಲ್ಕಾಪಾತಗಳು ಉತ್ಪಾತದ ಪಾಲು. ಉಳಿದದ್ದು ನಟನ ಸ್ವಂತ ಪಾಲು: ಅಸಹಜವಾಗಿ ಅಭಿನಯಿಸುವುದು, ಮಾತು ಮರೆಯುವುದು, ಇನ್ನೊಬ್ಬನ ಮಾತನ್ನು ತಾನು ಆಡಿಬಿಡುವುದು, ಕಿರೀಟ ಆಭರಣ ಬೀಳಿಸಿಕೊಳ್ಳುವುದು, ಅತಿಯಾಗಿ ನಗುವುದು, ಅತಿಯಾಗಿ ಅಳುವುದು.

ಒತ್ತಡವನ್ನು ಹೀಗೆ ನಾಲ್ಕು ಪಾಲು ಮಾಡಿ ಕೊಟ್ಟದ್ದರಲ್ಲೇ ಶಾಸ್ತ್ರಕಾರನ ವಿವೇಕವಿದೆ. ಮಳೆ ಬಂದದ್ದಕ್ಕೆ ನಟ ತನ್ನನ್ನು ಹಳಿದುಕೊಳ್ಳಬೇಕಿಲ್ಲ, ಮಾತು ಮರೆತದ್ದಕ್ಕೆ ಮಳೆಯನ್ನು ಹಳಿಯುವಂತೆಯೂ ಇಲ್ಲ. ಮುಂದುವರಿದು ಭರತನು, ಪೂರ್ತಿ ಗುಣಹೀನವಾದದ್ದಾಗಲಿ ಪೂರ್ತಿ ನಿರ್ದೋಷವಾದದ್ದಾಗಲಿ ಲೋಕದಲ್ಲಿಲ್ಲವಾದ್ದರಿಂದ ನಾಟ್ಯದ ಸಣ್ಣಪುಟ್ಟ ದೋಷಗಳನ್ನು ಬಹಳ ದೊಡ್ಡದು ಮಾಡಬಾರದೆಂದೂ, ಹಾಗೆಂದು ನಟನು ಅಭಿನಯದಲ್ಲಿ ಉದಾಸೀನ ತೋರಬಾರದೆಂದೂ ಒಂದೇ ಉಸಿರಿನಲ್ಲಿ ಹೇಳುತ್ತಾನೆ. ತಪ್ಪಿಗೆ ಕ್ಷಮೆಯಿದೆ, ಅಸಡ್ಡೆಗೆ ಇಲ್ಲ. ಹದಿನೈದರ ಮಗುವಿಗೆ ಹೇಳಬೇಕಾದ ಮಾತು ಇಷ್ಟೇ. ನಮ್ಮ ಮನೆಗಳಲ್ಲಿ ಆಗುವುದು ಇದಕ್ಕೆ ತಿರುಗುಮುರುಗು, ವರ್ಷವಿಡೀ ಅಸಡ್ಡೆಯನ್ನು ಕಂಡೂ ಕಾಣದಂತಿದ್ದು ಫಲಿತಾಂಶದ ದಿನ ತಪ್ಪನ್ನು ಕ್ಷಮಿಸದೆ ಇರುವುದು.

ಶಾಸ್ತ್ರ ಓದದೆಯೂ ಇದನ್ನು ಬಲ್ಲವರು ಹಿರಿಯೂರು ಸೀಮೆಯ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ ನಾಟಕ ಕಲಿಸುವ ಹಾರ್ಮೋನಿಯಂ ಮೇಷ್ಟ್ರುಗಳು. ರಾತ್ರಿ ಊಟವಾದ ಮೇಲೆ ದೇವಸ್ಥಾನದ ಅಂಗಳದಲ್ಲಿ ಸೇರುವ ಹುಡುಗರಲ್ಲಿ ಒಬ್ಬ ಹಗಲೆಲ್ಲ ಅಡಿಕೆ ತೋಟದಲ್ಲಿ ಗೇದವನು, ಇನ್ನೊಬ್ಬ ಆಟೊ ಓಡಿಸಿದವನು. ಮೇಷ್ಟ್ರು ಪ್ರತಿಯೊಬ್ಬನ ಗಂಟಲಿಗೆ ಒಪ್ಪುವ ಮನೆಯನ್ನು, ಎಂದರೆ ಸ್ವರದ ಕೀಲಿಯನ್ನು, ಹಾರ್ಮೋನಿಯಂ ಪೆಟ್ಟಿಗೆಯಲ್ಲಿ ಹುಡುಕಿ ಶ್ರುತಿ ಗೊತ್ತುಮಾಡಿ, ಒಂದೇ ಕಂದಪದ್ಯವನ್ನು ತಿಂಗಳುಗಟ್ಟಲೆ ಹೇಳಿಸುತ್ತಾರೆ. ಆಟದ ರಾತ್ರಿ ದುರ್ಯೋಧನ ಪದ್ಯದ ನಡುವೆ ತಡವರಿಸಿದರೆ ಮೇಷ್ಟ್ರು ಬಾರಿಸುವುದನ್ನು ನಿಲ್ಲಿಸುವುದಿಲ್ಲ, ಮುಖ ಗಂಟಿಕ್ಕುವುದೂ ಇಲ್ಲ. ಹಿಂದಿನ ಸಾಲಿನ ರಾಗವನ್ನೇ ಇನ್ನೊಂದು ಸುತ್ತು ಎಳೆದು, ಮುಂದಿನ ಸಾಲಿನ ಮೊದಲ ಪದವನ್ನು ತಮ್ಮ ದನಿಯಲ್ಲಿ ಮೆಲ್ಲನೆ ಎತ್ತಿಕೊಡುತ್ತಾರೆ, ಎದುರಿಗೆ ಕೂತ ಜನ ಅದನ್ನು ಆಲಾಪವೆಂದೇ ತಿಳಿಯುತ್ತಾರೆ. ಅಷ್ಟರಲ್ಲಿ ಸೋದರಮಾವನೊಬ್ಬ ರಂಗ ಹತ್ತಿ ನೋಟನ್ನು ಎದೆಗೆ ಪಿನ್ನು ಚುಚ್ಚಿ ಇಳಿಯುತ್ತಾನೆ, ಭರತ ಕಂಡ ಉಂಗುರದ ಬದಲಿಗೆ ಇದು. ಆ ಅಡ್ಡಿಯನ್ನೂ ನುಂಗಿಕೊಂಡು ಗದೆ ಎತ್ತುವ ಹುಡುಗನಿಗೆ ಸಂದರ್ಶನದ ಕೊಠಡಿ ಅಷ್ಟೇನೂ ದೊಡ್ಡದಾಗಿ ಕಾಣಲಾರದು.

ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯಲ್ಲಿ ಅನಾಥ ಸೇವಾಶ್ರಮ ಕಟ್ಟಿ, ‘ತಿರುಕ’ ಎಂಬ ಹೆಸರಿನಲ್ಲಿ ಬರೆದು, 1996ರಲ್ಲಿ ನೂರು ದಾಟಿದ ವಯಸ್ಸಿನಲ್ಲಿ ತೀರಿಕೊಂಡ ರಾಘವೇಂದ್ರ ಸ್ವಾಮೀಜಿಯವರೂ ಊರೂರಿನ ಯುವಕರಿಗೆ ಮೊದಲು ಕೊಟ್ಟದ್ದು ವ್ಯಾಯಾಮ ಮತ್ತು ಯೋಗದ ಶಿಬಿರಗಳನ್ನು. ಉಸಿರು, ಬೆನ್ನು, ಕಾಲುಗಳಿಗೆ ಶಿಸ್ತು ಬಂದ ಮೇಲೆ ಮನಸ್ಸಿಗೆ ಬೇರೆ ಪಾಠ ಹೆಚ್ಚು ಬೇಕಾಗುವುದಿಲ್ಲವೆಂಬುದು ಗರಡಿಮನೆಗೂ ತಾಲೀಮಿನ ಮನೆಗೂ ಸಮಾನವಾದ ತಿಳಿವಳಿಕೆ.

ಇದಕ್ಕೆ ವಿರುದ್ಧವಾದ ದೃಷ್ಟಾಂತವೂ ದುರ್ಗದ್ದೇ. ಕಾದಂಬರಿಕಾರ ತರಾಸು ಅವರ ಕಾದಂಬರಿಗಳಿಂದ ಪುಟ್ಟಣ್ಣ ಕಣಗಾಲ್ 1972ರಲ್ಲಿ ತೆರೆಗೆ ತಂದ ‘ನಾಗರಹಾವು’ ಚಿತ್ರದ ರಾಮಾಚಾರಿ ಪರೀಕ್ಷೆಯಲ್ಲಿ ನಕಲು ಮಾಡುವಾಗ ಸಿಕ್ಕಿಬಿದ್ದು ಅವಮಾನಿತನಾಗುವಲ್ಲಿಂದಲೇ ಕಥೆ ಆರಂಭವಾಗುತ್ತದೆ. ಅವನನ್ನು ತಿದ್ದಬಲ್ಲ ಏಕೈಕ ವ್ಯಕ್ತಿ ಚಾಮಯ್ಯ ಮೇಷ್ಟ್ರು ಅಪಾರ ಪ್ರೀತಿಯವರು, ಆದರೆ ಅವರ ಕೈಯಲ್ಲಿದ್ದ ಉಪಕರಣ ಬುದ್ಧಿಮಾತೊಂದೇ. ಶಿಷ್ಯನಿಂದ ಮಾತು ತೆಗೆದುಕೊಂಡರು, ಆ ಮಾತಿನ ಭಾರ ಹೊರುವ ಅಭ್ಯಾಸವನ್ನು ಕೊಡಲಿಲ್ಲ. ಕನ್ನಡಿಗರು ಅರ್ಧ ಶತಮಾನದಿಂದ ಆ ಮೇಷ್ಟ್ರನ್ನು ಆದರ್ಶವೆಂದು ಕೊಂಡಾಡುತ್ತಿದ್ದಾರಾದರೂ, ಶಿಷ್ಯ ಮತ್ತು ಗುರು ಇಬ್ಬರೂ ಉಳಿಯದ ಆ ಕಥೆ ಪ್ರೇರಣಾ ಉಪನ್ಯಾಸದ ಪರವಾದ ಸಾಕ್ಷ್ಯವಲ್ಲ.

ರಾಜ್ಯದ ಸರ್ಕಾರಿ ಪ್ರೌಢಶಾಲೆಗಳಲ್ಲಿ ನಾಟಕ ಶಿಕ್ಷಕರ ನೇಮಕ ನಡೆದದ್ದುಂಟು. ಅವರ ಸಂಖ್ಯೆ ಶಾಲೆಗಳ ಸಂಖ್ಯೆಯೆದುರು ಲೆಕ್ಕಕ್ಕೇ ಬಾರದು, ಇರುವಲ್ಲಿಯೂ ಜನವರಿ ಹುಟ್ಟಿದೊಡನೆ ನಾಟಕದ ಪೀರಿಯಡ್ಡು ಗಣಿತದ ವಿಶೇಷ ತರಗತಿಗೆ ಹೋಗುವ ಅಪಾಯ ಇದ್ದೇ ಇರುತ್ತದೆ. ಆ ಪೀರಿಯಡ್ಡನ್ನು ಉಳಿಸಿ, ಜೂನ್ ತಿಂಗಳಿನಿಂದಲೇ ಪ್ರತಿ ಮಗುವೂ ವಾರಕ್ಕೊಮ್ಮೆ ಸಹಪಾಠಿಗಳೆದುರು ನಿಂತು ಒಂದು ಪದ್ಯ ಹೇಳುವಂತೆ, ಒಂದು ಲೆಕ್ಕ ಬಿಡಿಸುವಂತೆ, ತಪ್ಪಿದರೆ ಮುಂದಿನ ವಾರ ಅದನ್ನೇ ಮತ್ತೆ ಮಾಡುವಂತೆ ಏರ್ಪಾಡಾದರೆ, ಮಾರ್ಚ್‌ನಲ್ಲಿ ಬ್ಯಾನರು ಬರೆಸುವ ಖರ್ಚು ಶಾಲೆಗಳಿಗೆ ಉಳಿಯುತ್ತದೆ. ಬೆಳಕಿನ ವಿನ್ಯಾಸದ ವಿಚಾರ ಮುಂದಿನ ವಾರ.